ಬೇಸ್‌ಬಾಲ್ ಪ್ರಾಸ್ಪೆಕ್ಟ್ ಪಟ್ಟಿಗಳು: ಯಾವುದು ದುಡ್ಡಿಗೆ ತಕ್ಕದ್ದು, ಯಾವುದನ್ನು ಹೇಗೆ ಓದಬೇಕು

ಸಂಕ್ರಾಂತಿ ಕಳೆದು ಶಿವರಾತ್ರಿ ಬರುವಷ್ಟರಲ್ಲಿ ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಪಟ್ಟಿಗಳ ಸುಗ್ಗಿ. ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಇನ್ನೂ ನೆಲೆಯೂರದ ಹುಡುಗರಲ್ಲಿ, ಅಂದರೆ ಪ್ರಾಸ್ಪೆಕ್ಟ್‌ಗಳಲ್ಲಿ, ಯಾರು ಮುಂದೆ ಬರುತ್ತಾರೆ ಎಂದು ತೂಗಿ, ನೂರು ಹೆಸರನ್ನು ಕ್ರಮವಾಗಿ ಬರೆದು ಕೊಡುವ ಪಟ್ಟಿಗಳು ಇವು. ಬೇಸ್‌ಬಾಲ್ ಅಮೆರಿಕ, ಎಂಎಲ್‌ಬಿ ಪೈಪ್‌ಲೈನ್, ಫ್ಯಾನ್‌ಗ್ರಾಫ್ಸ್, ಬೇಸ್‌ಬಾಲ್ ಪ್ರಾಸ್ಪೆಕ್ಟಸ್, ಇಎಸ್‌ಪಿಎನ್, ದಿ ಅಥ್ಲೆಟಿಕ್ ಹೀಗೆ ಆರು ಕಡೆಯಿಂದ ಬರುತ್ತವೆ. ಕೆಲವು ಪುಕ್ಕಟೆ, ಕೆಲವಕ್ಕೆ ಚಂದಾ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇದ್ದುಕೊಂಡು ಊರಿನ ತಂಡವನ್ನು ಹಿಂಬಾಲಿಸುವ ಕನ್ನಡಿಗರಿಗೂ, ಫ್ಯಾಂಟಸಿ ಲೀಗ್ ಆಡುವವರಿಗೂ ಏಳುವ ಪ್ರಶ್ನೆ ಒಂದೇ: ಇಷ್ಟರಲ್ಲಿ ಯಾವುದನ್ನು ನಂಬುವುದು?

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎಲ್ಲ ಪಟ್ಟಿಗಳಲ್ಲೂ ಅತಿ ದುರ್ಬಲವಾದ ಭಾಗ ಎಂದರೆ ಹೆಸರಿನ ಎಡಕ್ಕಿರುವ ಕ್ರಮಸಂಖ್ಯೆ. ಗಟ್ಟಿಯಾದ ಭಾಗ ಇರುವುದು ಹೆಸರಿನ ಕೆಳಗೆ: ಗ್ರೇಡು (ಕೌಶಲಕ್ಕೆ ಕೊಡುವ ಅಂಕ), ಅಪಾಯದ ಮಟ್ಟ (ಅಂದುಕೊಂಡಂತೆ ಬೆಳೆಯದೆ ಹೋಗುವ ಸಾಧ್ಯತೆ), ಮೇಜರ್ ಲೀಗ್‌ಗೆ ಬರುವ ಅಂದಾಜು ವರ್ಷ, ಆಮೇಲೆ ಆ ಎರಡು ಪ್ಯಾರಾ ವರದಿ. ಈ ನಾಲ್ಕನ್ನು ಯಾರು ಚೆನ್ನಾಗಿ ಕೊಡುತ್ತಾರೆ ಎಂಬುದರ ಮೇಲೆ ಪಟ್ಟಿಯ ಬೆಲೆ ಕಟ್ಟಬೇಕು. ಹಾಗೆ ಕಟ್ಟಿದರೆ ಆಳಕ್ಕೆ ಫ್ಯಾನ್‌ಗ್ರಾಫ್ಸ್, ಬರವಣಿಗೆಗೂ ಅಪಾಯದ ಲೆಕ್ಕಕ್ಕೂ ಬೇಸ್‌ಬಾಲ್ ಅಮೆರಿಕ, ಕಾಸು ಬಿಚ್ಚದೆ ಶುರು ಮಾಡುವವರಿಗೆ ಪೈಪ್‌ಲೈನ್.

ಇದನ್ನು ಅಭಿಮಾನಿಗಳ ಹರಟೆ ಎಂದುಕೊಳ್ಳಬೇಡಿ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಕಾರ್ಮಿಕ ಒಪ್ಪಂದದಿಂದೀಚೆಗೆ ಈ ಪಟ್ಟಿಗಳಿಗೆ ತಂಡದ ಭವಿಷ್ಯವನ್ನೇ ಬದಲಿಸುವ ಶಕ್ತಿ ಬಂದಿದೆ. ಪ್ರಾಸ್ಪೆಕ್ಟ್ ಪ್ರಮೋಷನ್ ಇನ್ಸೆಂಟಿವ್ ಎಂಬ ನಿಯಮದ ಪ್ರಕಾರ, ಬೇಸ್‌ಬಾಲ್ ಅಮೆರಿಕ, ಎಂಎಲ್‌ಬಿ ಡಾಟ್ ಕಾಮ್ (ಪೈಪ್‌ಲೈನ್ ಇದರದೇ), ಇಎಸ್‌ಪಿಎನ್ ಈ ಮೂರು ಪಟ್ಟಿಗಳ ಪೈಕಿ ಎರಡರಲ್ಲಾದರೂ ಸೀಸನ್‌ಗೆ ಮುಂಚೆ ಮೊದಲ ನೂರರೊಳಗೆ ಹೆಸರಿರಬೇಕು, ಮೇಜರ್ ಲೀಗ್ ಸೇವೆ, ಅಂದರೆ ಆ ಹಂತದ ತಂಡದಲ್ಲಿ ಕಳೆದ ಕಾಲ, 60 ದಿನಕ್ಕಿಂತ ಕಡಿಮೆ ಇರಬೇಕು. ಅಂಥ ಹುಡುಗನನ್ನು ತಂಡ ಪೂರ್ತಿ ಒಂದು ವರ್ಷದ ಸೇವೆ ಸಿಗುವಂತೆ ಮೇಲಿಟ್ಟುಕೊಂಡು, ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ ತಂಡಕ್ಕೆ ಮೊದಲ ಸುತ್ತಿನ ನಂತರ ಒಂದು ಹೆಚ್ಚುವರಿ ಡ್ರಾಫ್ಟ್ ಪಿಕ್, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವಾಗ ಇನ್ನೊಂದು ಸರದಿ. ಸಿಯಾಟಲ್ ಮ್ಯಾರಿನರ್ಸ್‌ನ ಹುಲಿಯೊ ರೊಡ್ರಿಗೆಸ್ 2022ರಲ್ಲಿ, ಅರಿಜೋನಾದ ಕಾರ್ಬಿನ್ ಕ್ಯಾರಲ್ ಮತ್ತು ಬಾಲ್ಟಿಮೋರ್‌ನ ಗನ್ನರ್ ಹೆಂಡರ್ಸನ್ 2023ರಲ್ಲಿ ತಮ್ಮ ತಂಡಗಳಿಗೆ ಇದನ್ನು ಗಳಿಸಿಕೊಟ್ಟರು. ಒಬ್ಬ ಹುಡುಗ 98ನೇ ಜಾಗದಲ್ಲಿದ್ದಾನೋ 103ರಲ್ಲೋ ಎನ್ನುವುದಕ್ಕೆ ಆಟದ ದೃಷ್ಟಿಯಲ್ಲಿ ಅರ್ಥವೇ ಇಲ್ಲ, ಆದರೆ ನಿಯಮದ ದೃಷ್ಟಿಯಲ್ಲಿ ಅದೇ ಎಲ್ಲ. ಪಟ್ಟಿ ಮಾಡುವವರ ಹೊಣೆ ಅಷ್ಟರಮಟ್ಟಿಗೆ ಭಾರವಾಗಿದೆ. ನೂರರ ಗಡಿಯಲ್ಲಿ ಯಾರನ್ನು ಒಳಗಿಟ್ಟೆವು, ಯಾಕೆ ಎಂದು ಅವರು ಇನ್ನೂ ಬಿಚ್ಚಿ ಹೇಳಬೇಕು.

ಅಳತೆಗೋಲು

ಎಲ್ಲರೂ ಬಳಸುವುದು 20ರಿಂದ 80ರ ಮಾಪನ. 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಗಮನಿಸಿ, ಅದರ ಕೆಳಗಿನ ಹಂತಗಳಾದ ಮೈನರ್ ಲೀಗ್‌ನ ಸರಾಸರಿ ಅಲ್ಲ. ಹೊಸಬರು ಎಡವುವುದು ಇಲ್ಲೇ. 50 ಎಂದಾಕ್ಷಣ ಶಾಲೆಯ ಅಂಕದಂತೆ ಅರ್ಧಕ್ಕರ್ಧ ಎಂದುಕೊಳ್ಳುತ್ತಾರೆ. ಜಗತ್ತಿನ ಅತಿ ಕಠಿಣ ಲೀಗ್‌ನಲ್ಲಿ ದಿನಾ ಆಡುವವರ ಮಟ್ಟ ಅದು. ಪ್ರತಿ ಹತ್ತು ಅಂಕ ಮೂಲತಃ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ದೂರ ಎಂಬುದರ ಅಳತೆ). ಹಾಗಾಗಿ 60 ಎಂದರೆ ನೂರಕ್ಕೆ ಸುಮಾರು ಹದಿನಾರು ಮಂದಿ ಮುಟ್ಟುವ ಮಟ್ಟ, 70 ನೂರಕ್ಕೆ ಇಬ್ಬರು, 80 ಸಾವಿರಕ್ಕೆ ಒಬ್ಬ. ಬಳಕೆಯಲ್ಲಿ ಇಷ್ಟು ಬಿಗಿಯಾಗಿ ಯಾರೂ ಕೊಡುವುದಿಲ್ಲ, ಆದರೂ 70 ಕಂಡರೆ ಕಣ್ಣರಳಿಸಬೇಕಾದದ್ದೇ.

ಬ್ಯಾಟರ್‌ಗೆ ಐದು ಗ್ರೇಡು: ಹಿಟ್, ಪವರ್, ಓಟ, ಫೀಲ್ಡಿಂಗ್, ತೋಳಿನ ಬಲ. ಬಾಲು ಎಸೆಯುವ ಪಿಚರ್‌ಗೆ ಒಂದೊಂದು ಬಗೆಯ ಎಸೆತಕ್ಕೂ ಬೇರೆ ಬೇರೆ, ಕೊನೆಗೆ ನಿಯಂತ್ರಣಕ್ಕೊಂದು. ಇದರಲ್ಲಿ ಓಟ ಮತ್ತು ತೋಳು ಗಡಿಯಾರ, ರೇಡಾರ್ ಗನ್ನಿಗೆ ಸಿಗುವಂಥವು. ಬಾಲು ಹೊಡೆದು ಮೊದಲ ಬೇಸ್‌ವರೆಗಿನ 90 ಅಡಿ ಓಡಲು ಬಲಗೈ ಬ್ಯಾಟರ್ ಸುಮಾರು 4.3 ಸೆಕೆಂಡ್ ತೆಗೆದುಕೊಂಡರೆ 50, 4.0ಕ್ಕೆ ಮುಟ್ಟಿದರೆ 80. ಎಡಗೈ ಬ್ಯಾಟರ್ ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಂತಿರುವುದರಿಂದ ಅವನಿಗೆ 0.1 ಸೆಕೆಂಡ್ ಕಡಿಮೆ. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಬಾಲು ಹಿಡಿದು ಎರಡನೇ ಬೇಸ್‌ಗೆ ಎಸೆದು ಮುಟ್ಟಿಸುವ ಸಮಯ 2.0 ಸೆಕೆಂಡ್ ಆದರೆ ಸರಾಸರಿ, 1.9 ಆದರೆ ಬಹಳ ಒಳ್ಳೆಯದು. ಮೇಜರ್ ಲೀಗ್‌ನ ಸರಾಸರಿ ಫಾಸ್ಟ್‌ಬಾಲ್ ಈಗ ಗಂಟೆಗೆ 94 ಮೈಲಿ, ಅಂದರೆ 151 ಕಿಲೋಮೀಟರ್ ಆಸುಪಾಸು. ಇವುಗಳಲ್ಲಿ ಪಟ್ಟಿ ಪಟ್ಟಿಗೆ ವ್ಯತ್ಯಾಸ ಬರುವುದು ಅಪರೂಪ.

ಜಗಳವೆಲ್ಲ ಹಿಟ್ ಗ್ರೇಡಿನಲ್ಲಿ. ಹಳೆಯ ಕೋಷ್ಟಕಗಳಲ್ಲಿ 80 ಎಂದರೆ .320 ಬ್ಯಾಟಿಂಗ್ ಸರಾಸರಿ (ಸಾವಿರ ಬ್ಯಾಟಿಂಗ್ ಸರದಿಗೆ 320 ಹಿಟ್), 50 ಎಂದರೆ .260ರ ಹತ್ತಿರ. 2024ರಲ್ಲಿ ಇಡೀ ಲೀಗ್‌ನ ಸರಾಸರಿಯೇ .243ಕ್ಕೆ ಇಳಿದಿತ್ತು. ಕೋಷ್ಟಕ ಹಳೆಯದು, ಆಟ ಹೊಸದು. ಅದಕ್ಕಿಂತ ದೊಡ್ಡ ತೊಡಕು, ಹಿಟ್ ಎನ್ನುವ ಒಂದೇ ಅಂಕಿಯೊಳಗೆ ಮೂರು ಬೇರೆ ಬೇರೆ ಕಸುಬುಗಳನ್ನು ತುರುಕಿರುವುದು: ಬಾಲಿಗೆ ಬ್ಯಾಟ್ ತಾಗಿಸುವುದು, ಯಾವ ಬಾಲು ಬಿಡಬೇಕೆಂದು ಗುರುತಿಸುವುದು, ತಾಗಿದ ಬಾಲನ್ನು ಗಟ್ಟಿಯಾಗಿ ಕಳಿಸುವುದು. ಕಲ್ಪನೆಗೆ ಇಬ್ಬರು ಶಾರ್ಟ್‌ಸ್ಟಾಪ್‌ಗಳನ್ನು (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ತೆಗೆದುಕೊಳ್ಳಿ. ಇಬ್ಬರಿಗೂ ಹಿಟ್ 50. ಒಬ್ಬ ಬೀಸಿದ ಹತ್ತರಲ್ಲಿ ಎಂಟು ಬಾಲಿಗೆ ತಾಗಿಸುತ್ತಾನೆ, ಆದರೆ ಬ್ಯಾಟರ್ ಎದುರಿನ ಕಾಲ್ಪನಿಕ ಚೌಕವಾದ ಸ್ಟ್ರೈಕ್ ಜೋನ್ ಆಚೆಗಿನ ಬಾಲಿಗೂ ಕೈ ಚಾಚುತ್ತಾನೆ. ಇನ್ನೊಬ್ಬ ಜೋನ್ ಬಿಟ್ಟು ಬೀಸುವುದೇ ಇಲ್ಲ, ಆದರೆ ಜೋನ್ ಒಳಗಿನ ವೇಗದ ಬಾಲನ್ನೇ ತಪ್ಪಿಸಿಕೊಳ್ಳುತ್ತಾನೆ. ಮೇಲಿನ ಹಂತಕ್ಕೆ ಹೋದಾಗ ಇಬ್ಬರೂ ಸೋಲುವ ರೀತಿ ಬೇರೆ, ತಿದ್ದುವ ದಾರಿ ಬೇರೆ. ವರದಿಯಲ್ಲಿ ಇದನ್ನು ಬಿಡಿಸಿ ಬರೆಯದ ಪಟ್ಟಿಯ ಹಿಟ್ ಗ್ರೇಡಿಗೆ ಹೆಚ್ಚು ತೂಕ ಕೊಡಬೇಡಿ.

ಫ್ಯಾನ್‌ಗ್ರಾಫ್ಸ್

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವವರು ಇವರು. 'ದಿ ಬೋರ್ಡ್' ಎಂಬ ಕೋಷ್ಟಕದಲ್ಲಿ ಪ್ರತಿ ಹುಡುಗನ ಗ್ರೇಡು ಎರಡು ಅಂಕಿಯಾಗಿ ಬರುತ್ತದೆ: ಓರೆಗೆರೆಯ ಎಡಕ್ಕೆ ಇಂದಿನದು, ಬಲಕ್ಕೆ ಮುಂದೆ ಆಗಬಹುದಾದದ್ದು. 30/55 ಎಂದು ಕಂಡರೆ ದಾರಿ ಬಲು ದೂರ ಎಂದರ್ಥ. 45/50 ಎಂದರೆ ಹುಡುಗ ಬಾಗಿಲಲ್ಲೇ ನಿಂತಿದ್ದಾನೆ. ಕೊನೆಗೆ ಎಲ್ಲ ಸೇರಿಸಿ ಫ್ಯೂಚರ್ ವ್ಯಾಲ್ಯೂ ಎಂಬ ಒಂದೇ ಅಂಕಿ. 50 ಎಂದರೆ ವರ್ಷಕ್ಕೆ ಸುಮಾರು 2 ಗೆಲುವಿನ ಮೌಲ್ಯ ತರುವ ನಿತ್ಯದ ಆಟಗಾರ, 40 ಎಂದರೆ ಬೆಂಚಿನವನು ಇಲ್ಲವೇ ಪಂದ್ಯದ ನಡುವೆ ಬದಲಿಯಾಗಿ ಎಸೆಯಲು ಬರುವ ರಿಲೀವರ್, 60 ದಾಟಿದರೆ ವರ್ಷದ ಶ್ರೇಷ್ಠರು ಆಡುವ ಆಲ್‌ಸ್ಟಾರ್ ಪಂದ್ಯದ ಮಾತು.

ಇವರ ದೊಡ್ಡ ಉಪಕಾರ ಎಂದರೆ ಮೆಟ್ಟಿಲುಗಳನ್ನು ಮುಚ್ಚಿಡದಿರುವುದು. 60 ಮತ್ತು ಮೇಲಿನವರು ಬೆರಳೆಣಿಕೆ, ಅದರ ಕೆಳಗೆ 55ರ ಚಿಕ್ಕ ಗುಂಪು, ಉಳಿದ ಬಹುಪಾಲು 50. ಅಂದರೆ 45ನೇ ಹೆಸರೂ 98ನೇ ಹೆಸರೂ ಒಂದೇ ಮೆಟ್ಟಿಲಲ್ಲಿ ಕೂತಿರುತ್ತವೆ. ಮೊದಲನೆಯವನಿಗೂ ಹತ್ತನೆಯವನಿಗೂ ಇರುವ ಅಂತರ ಐವತ್ತನೆಯವನಿಗೂ ನೂರನೆಯವನಿಗೂ ಇರುವ ಅಂತರಕ್ಕಿಂತ ಎಷ್ಟೋ ದೊಡ್ಡದು ಎಂಬುದು ಇಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ. ತಂಡವಾರು ಪಟ್ಟಿಗಳಲ್ಲಿ ಅತಿ ಕೆಳ ಹಂತದ ಡೊಮಿನಿಕನ್ ಸಮ್ಮರ್ ಲೀಗ್‌ನ ಹದಿನೇಳರ ಹುಡುಗರವರೆಗೂ ಕೆದಕಿ ನೋಡುತ್ತಾರೆ.

ಕೊರತೆ ಎರಡು. ತಂಡವಾರು ಪಟ್ಟಿಗಳು ಒಂದೇ ಸಲಕ್ಕೆ ಬರುವುದಿಲ್ಲ, ತಿಂಗಳುಗಟ್ಟಲೆ ಒಂದೊಂದಾಗಿ ಬರುತ್ತವೆ. ನಿಮ್ಮ ತಂಡದ ಸರದಿ ತಡವಾದರೆ ಹೋದ ವರ್ಷದ ಅಂಕಿಯನ್ನೇ ಓದುತ್ತಿರುತ್ತೀರಿ, ಆದ್ದರಿಂದ ತಾರೀಖು ನೋಡದೆ ಹೋಲಿಸಬೇಡಿ. ಇನ್ನೊಂದು, ಬರವಣಿಗೆ ದಟ್ಟ. ಬಾಲಿನ ತಿರುಗಣೆ, ಮೇಲಿನಿಂದ ಬರುವ ಕೋನ, ಸೊಂಟದ ತಿರುವು ಎಲ್ಲ ಒಂದೇ ವಾಕ್ಯದಲ್ಲಿ. ಮೊದಲ ತಿಂಗಳು ನಿಧಾನ, ಆಮೇಲೆ ಬೇರೆಯದು ರುಚಿಸುವುದಿಲ್ಲ.

ಬೇಸ್‌ಬಾಲ್ ಅಮೆರಿಕ

ಈ ಕಸುಬಿನ ಹಿರಿಯಣ್ಣ. 1981ರಲ್ಲಿ ಅಲನ್ ಸಿಂಪ್ಸನ್ ಕಟ್ಟಿದ ಪತ್ರಿಕೆ, 1990ರಿಂದ ಟಾಪ್ 100 ಪಟ್ಟಿ. ವರ್ಷಕ್ಕೊಮ್ಮೆ ಬರುವ ಪ್ರಾಸ್ಪೆಕ್ಟ್ ಹ್ಯಾಂಡ್‌ಬುಕ್‌ನಲ್ಲಿ 30 ತಂಡಕ್ಕೆ ತಲಾ 30ರಂತೆ 900 ಹುಡುಗರ ವರದಿ. ಒಂದೊಂದು ವರದಿಯೂ ಹಿನ್ನೆಲೆ, ಆಟದ ಬಗೆ, ಮುಂದಿನ ದಾರಿ ಎಂದು ಅಚ್ಚುಕಟ್ಟಾಗಿ ಬೇರೆಯಾಗಿರುತ್ತದೆ. ಗ್ರೇಡಿನ ಪಕ್ಕದಲ್ಲಿ ಅಪಾಯದ ಮಟ್ಟವನ್ನು ಒಂದೇ ಪದದಲ್ಲಿ ಹೇಳುತ್ತಾರೆ: ಲೋ, ಮೀಡಿಯಂ, ಹೈ, ಎಕ್ಸ್‌ಟ್ರೀಮ್. ಇದು ಬಹಳ ಉಪಯುಕ್ತ. ಓದುವಾಗ ಒಂದು ಕೈಲೆಕ್ಕ ಇಟ್ಟುಕೊಳ್ಳಿ: ಲೋ ಆದರೆ 5, ಮೀಡಿಯಂಗೆ 10, ಹೈಗೆ 15, ಎಕ್ಸ್‌ಟ್ರೀಮ್‌ಗೆ 20 ಕಳೆಯಿರಿ. 60/ಎಕ್ಸ್‌ಟ್ರೀಮ್ ಎಂದರೆ ಕೈಗೆ ಉಳಿಯುವುದು 40. 50/ಲೋ ಎಂದರೆ 45. ಪಟ್ಟಿಯಲ್ಲಿ ಮೊದಲನೆಯವನು ಮೇಲಿರುತ್ತಾನೆ, ಎರಡು ವರ್ಷದೊಳಗೆ ನಿಮ್ಮ ತಂಡಕ್ಕೆ ಒದಗುವವನು ಮಾತ್ರ ಎರಡನೆಯವನು.

ಪುಸ್ತಕ ಚಳಿಗಾಲದಲ್ಲೇ ಅಚ್ಚಿಗೆ ಹೋಗುವುದರಿಂದ ಆಮೇಲೆ ಟ್ರೇಡ್ ಆಗಿ ಬೇರೆ ತಂಡಕ್ಕೆ ಹೋದವರು ಹಳೆಯ ತಂಡದ ಪುಟದಲ್ಲೇ ಇರುತ್ತಾರೆ. ಪುಸ್ತಕವನ್ನು ಕೈಯಲ್ಲಿಟ್ಟುಕೊಂಡು ಜಾಲತಾಣದ ಪರಿಷ್ಕೃತ ಪಟ್ಟಿಯನ್ನೂ ನೋಡುವುದು ಅನಿವಾರ್ಯ.

ಮೂವತ್ತೈದು ವರ್ಷದ ಪಟ್ಟಿ ತೆರೆದಿಟ್ಟಿರುವುದರಿಂದ ಇವರನ್ನು ಒರೆಗೆ ಹಚ್ಚುವುದೂ ಸುಲಭ. ಮೊದಲ ಸ್ಥಾನದವರನ್ನೇ ನೋಡಿ. 1993ರಲ್ಲಿ ಚಿಪ್ಪರ್ ಜೋನ್ಸ್, 1995ರಲ್ಲಿ ಅಲೆಕ್ಸ್ ರೊಡ್ರಿಗೆಸ್, 2004 ಮತ್ತು 2005ರಲ್ಲಿ ಜೋ ಮಾವರ್, 2011 ಮತ್ತು 2012ರಲ್ಲಿ ಬ್ರೈಸ್ ಹಾರ್ಪರ್. ಅದೇ ಜಾಗದಲ್ಲಿ 1991ರಲ್ಲಿ ಟಾಡ್ ವ್ಯಾನ್ ಪಾಪೆಲ್, 1992ರಲ್ಲಿ ಬ್ರಿಯನ್ ಟೇಲರ್. ಟೇಲರ್ ಭುಜ ಪೆಟ್ಟಾಗಿ ಮೇಜರ್ ಲೀಗ್ ಮೆಟ್ಟಿಲನ್ನೇ ಹತ್ತಲಿಲ್ಲ. ಸೋತ ಹೆಸರುಗಳಲ್ಲಿ ಪಿಚರ್‌ಗಳೇ ಎದ್ದು ಕಾಣುವುದು ಕಾಕತಾಳೀಯವಲ್ಲ. ಮೊಣಕೈ ಲಿಗಮೆಂಟ್‌ಗೆ (ಮೂಳೆಗಳನ್ನು ಬಿಗಿಯುವ ಪಟ್ಟಿ) ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ ಪಿಚರ್ ವಾಪಸ್ ಬರಲು 12ರಿಂದ 18 ತಿಂಗಳು. ಇಪ್ಪತ್ತರ ವಯಸ್ಸಿನಲ್ಲಿ ಅಷ್ಟು ಕಾಲ ಎಂದರೆ ಕಲಿಕೆಯ ಎರಡು ಸೀಸನ್ ಹೋದಂತೆ. ಸಮಾನ ಗ್ರೇಡಿನ ಬ್ಯಾಟರ್ ಮತ್ತು ಪಿಚರ್ ನಡುವೆ ಆರಿಸಬೇಕಾದರೆ ಕಣ್ಣು ಮುಚ್ಚಿ ಬ್ಯಾಟರ್‌ನನ್ನು ಹಿಡಿಯಿರಿ.

ತಪ್ಪಿಸಿಕೊಂಡವರ ಪಟ್ಟಿ ಇನ್ನೂ ಪಾಠ ಕಲಿಸುತ್ತದೆ. ಆಲ್ಬರ್ಟ್ ಪುಹೋಲ್ಸ್ 2001ರಲ್ಲಿ 42ನೆಯವರು. ಮೈಕ್ ಟ್ರೌಟ್ 2010ರಲ್ಲಿ 85, ಒಂದೇ ವರ್ಷದಲ್ಲಿ 2ಕ್ಕೆ ಜಿಗಿದರು. ಮೂಕಿ ಬೆಟ್ಸ್ 2014ರಲ್ಲಿ 75. ಹೊಸೆ ಅಲ್ಟುವೆ, ಪಾಲ್ ಗೋಲ್ಡ್‌ಸ್ಮಿಟ್, ಜೇಕಬ್ ಡಿಗ್ರಾಮ್ ನೂರರೊಳಗೆ ಬರಲೇ ಇಲ್ಲ. ಇವರಲ್ಲಿ ಅಲ್ಟುವೆ ಗಿಡ್ಡ, ಬೆಟ್ಸ್ ಸಣ್ಣ ಮೈಕಟ್ಟು, ಗೋಲ್ಡ್‌ಸ್ಮಿಟ್ ಮೊದಲ ಬೇಸ್‌ನವನು, ಡಿಗ್ರಾಮ್ ಕಾಲೇಜಿನಲ್ಲಿ ತಡವಾಗಿ ಪಿಚಿಂಗಿಗೆ ತಿರುಗಿದವನು. ಬೆಳೆಯುವ ಪೈರು ಮೊಳಕೆಯಲ್ಲಿ ಎನ್ನುವುದು ನಿಜ, ಆದರೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಕಣ್ಣು ಎತ್ತರದ ಮೊಳಕೆಯ ಕಡೆಗೇ ಮೊದಲು ಹೋಗುತ್ತದೆ. ಗಿಡ್ಡಗಿದ್ದು, ಬೀಸಿದ್ದು ಬಿಡದೆ ತಾಗಿಸುವ ಮಿಡ್ಲ್ ಇನ್‌ಫೀಲ್ಡರ್ (ಎರಡನೇ ಬೇಸ್‌ನವನು ಇಲ್ಲವೇ ಶಾರ್ಟ್‌ಸ್ಟಾಪ್) ಪಟ್ಟಿಯ ಕೆಳಗಿದ್ದರೆ ಅವನ ಗ್ರೇಡಿಗೆ ಮನಸ್ಸಿನಲ್ಲೇ 5 ಸೇರಿಸಿ.

ಎಂಎಲ್‌ಬಿ ಪೈಪ್‌ಲೈನ್

ಪುಕ್ಕಟೆ, ವಿಡಿಯೊ ಜೊತೆಗೇ ಸಿಗುತ್ತದೆ, ತಂಡಕ್ಕೆ 30 ಹೆಸರು, ಹುಡುಕಲು ಸುಲಭ. ಜಿಮ್ ಕ್ಯಾಲಿಸ್, ಜೊನಾಥನ್ ಮೇಯೊ ಬಹುಕಾಲದಿಂದ ಇದನ್ನು ಕಟ್ಟಿ ಬೆಳೆಸಿದವರು. ಆದರೆ ಇದು ಲೀಗ್‌ನದೇ ಜಾಲತಾಣ, ಬರವಣಿಗೆ ಸೌಮ್ಯ. 'ಫೀಲ್ಡಿಂಗ್‌ನಲ್ಲಿ ಇನ್ನೂ ಪಳಗುತ್ತಿದ್ದಾನೆ' ಎಂದರೆ ಆ ಜಾಗದಲ್ಲಿ ಉಳಿಯುವುದು ಅನುಮಾನ ಎಂದು ಓದಿಕೊಳ್ಳಬೇಕು. ಗ್ರೇಡುಗಳೂ 45ರಿಂದ 60ರ ನಡುವೆ ಒತ್ತೊತ್ತಾಗಿರುತ್ತವೆ, ಹೀಗಾಗಿ ಹೊಟ್ಟು ಕಾಳು ಬೇರೆಯಾಗುವುದಿಲ್ಲ. ಅಪಾಯದ ಮಟ್ಟ ಹೇಳುವುದೇ ಇಲ್ಲ; ಇದು ದೊಡ್ಡ ಕೊರತೆ.

ಇಲ್ಲಿನ ಕ್ರಮಸಂಖ್ಯೆ ಓದುವಾಗ ಒಂದು ಮೋಸಕ್ಕೆ ಬೀಳಬೇಡಿ. ಮೇಜರ್ ಲೀಗ್‌ನಲ್ಲಿ 130 ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ), ಅಥವಾ 50 ಇನ್ನಿಂಗ್ಸ್ ಪಿಚಿಂಗ್, ಅಥವಾ ಸಕ್ರಿಯ ತಂಡದಲ್ಲಿ 45 ದಿನ ದಾಟಿದವನು ಹೊಸಬ ಅಲ್ಲ, ಪಟ್ಟಿಯಿಂದ ಹೊರಗೆ. ಫೆಬ್ರವರಿಯಲ್ಲಿ 14ನೇ ಜಾಗದಲ್ಲಿದ್ದವನು ಜೂನ್‌ನಲ್ಲಿ 9ಕ್ಕೆ ಬಂದಿದ್ದರೆ ಅವನು ಸುಧಾರಿಸಿದ್ದಾನೆ ಎಂದೇನಲ್ಲ. ಮೇಲಿದ್ದ ಐವರು ಈ ಗೆರೆ ದಾಟಿ ಹೊರಟಿರಬಹುದು, ಇವನು .220 ಹೊಡೆಯುತ್ತಾ ಇದ್ದಲ್ಲೇ ಇರಬಹುದು. ಬೇಸ್‌ಬಾಲ್ ಅಮೆರಿಕ ಈ 45 ದಿನದ ಲೆಕ್ಕ ಹಿಡಿಯುವುದಿಲ್ಲ, ಅಟ್-ಬ್ಯಾಟ್ ಮತ್ತು ಇನ್ನಿಂಗ್ಸ್ ಮಾತ್ರ. ಒಂದೇ ದಿನ ಎರಡು ಪಟ್ಟಿಯಲ್ಲಿ ಒಬ್ಬನ ಸ್ಥಾನ ಬೇರೆಯಾಗಲು ಕೆಲವೊಮ್ಮೆ ಇಷ್ಟೇ ಕಾರಣ.

ಜಪಾನಿನಿಂದ ಬಂದವರ ವಿಷಯದಲ್ಲೂ ಹೀಗೇ: ಅಲ್ಲಿ ಎಷ್ಟೇ ಆಡಿದ್ದರೂ ಇಲ್ಲಿ ಹೊಸಬರೆಂದೇ ಲೆಕ್ಕ. 2007ರಲ್ಲಿ ಬೇಸ್‌ಬಾಲ್ ಅಮೆರಿಕದ ಮೊದಲ ಹೆಸರು ದೈಸುಕೆ ಮತ್ಸುಜಾಕಾ. ಹಿಂದಿನ ವರ್ಷವಷ್ಟೇ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದ ಪಳಗಿದ ಪಿಚರ್. 2018ರಲ್ಲಿ ಪೈಪ್‌ಲೈನ್ ಶೊಹೇ ಓಟಾನಿಯನ್ನು ಮೊದಲಿಗಿಟ್ಟರೆ ಬೇಸ್‌ಬಾಲ್ ಅಮೆರಿಕ ರೊನಾಲ್ಡ್ ಅಕುನ್ಯಾನನ್ನು ಇಟ್ಟಿತು. ಆ ವರ್ಷ ಮೇಜರ್ ಲೀಗ್‌ನೊಳಗಿನ ಎರಡೂ ಲೀಗ್‌ಗಳ ಹೊಸ ಆಟಗಾರ ಪ್ರಶಸ್ತಿ ಇವರಿಬ್ಬರಿಗೇ ಹೋಯಿತು, ಎರಡೂ ಪಟ್ಟಿ ಸರಿಯೇ.

ಉಳಿದ ಮೂರು

ಬೇಸ್‌ಬಾಲ್ ಪ್ರಾಸ್ಪೆಕ್ಟಸ್ ಕೊಡುವುದು 101 ಹೆಸರು. ಮೈದಾನದಲ್ಲಿ ಕೂತು ಬರೆದ ವರದಿ ಬೇಕೆನ್ನುವವರಿಗೆ ಇಷ್ಟವಾಗುತ್ತದೆ. ಇಎಸ್‌ಪಿಎನ್‌ನ ಕೈಲಿ ಮ್ಯಾಕ್‌ಡ್ಯಾನಿಯಲ್ ಫ್ಯಾನ್‌ಗ್ರಾಫ್ಸ್‌ನಿಂದ ಬಂದವರು, ಫ್ಯೂಚರ್ ವ್ಯಾಲ್ಯೂ ಪದ್ಧತಿಯೇ. ದಿ ಅಥ್ಲೆಟಿಕ್‌ನ ಕೀತ್ ಲಾ ಒಬ್ಬರೇ ನೋಡಿ ಒಬ್ಬರೇ ಬರೆಯುತ್ತಾರೆ, ಅಭಿಪ್ರಾಯ ಖಡಕ್. ಗುಂಪಿನ ಒಮ್ಮತಕ್ಕೆ ಎದುರಾಗಿ ಯಾರಾದರೂ ನಿಲ್ಲಬೇಕೆನ್ನುವ ಕಾರಣಕ್ಕೇ ಇದನ್ನು ಓದಬೇಕು. ಏಕೆಂದರೆ ಎಲ್ಲ ಪಟ್ಟಿಗಾರರೂ ಫೋನ್ ಮಾಡುವುದು ಅದೇ ಸ್ಕೌಟ್‌ಗಳಿಗೆ, ಅದೇ ತಂಡದ ಅಧಿಕಾರಿಗಳಿಗೆ. ತಂಡದವರು ತಮ್ಮ ಹುಡುಗನನ್ನು ಹೊಗಳುವುದು ಸಹಜ, ಸೀಸನ್ ನಡುವಿನ ಟ್ರೇಡ್ ಗಡುವಿನ ಮುಂಚೆ ಇನ್ನೂ ಹೆಚ್ಚು. ಆರು ಪಟ್ಟಿಯೂ ಒಂದೇ ಹೇಳಿದರೆ ಆರು ಸಾಕ್ಷಿ ಸಿಕ್ಕವು ಎಂದುಕೊಳ್ಳಬೇಡಿ.

ನೀವೇ ಪರೀಕ್ಷಿಸುವ ಬಗೆ

ಈಗ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹಂತದ ಎಲ್ಲ ಮೈದಾನಗಳ ಸ್ಟ್ಯಾಟ್‌ಕಾಸ್ಟ್ (ಬಾಲಿನ ವೇಗ, ಕೋನ ಅಳೆಯುವ ವ್ಯವಸ್ಥೆ) ಅಂಕಿ 2023ರಿಂದ ಸಾರ್ವಜನಿಕವಾಗಿ ಸಿಗುತ್ತದೆ, ಇನ್ನೂ ಕೆಳಗಿನ ಸಿಂಗಲ್-ಎ ಮಟ್ಟದ ಫ್ಲೋರಿಡಾ ಸ್ಟೇಟ್ ಲೀಗ್‌ನದೂ ಇದೆ. ಪಟ್ಟಿ ಪವರ್ 60 ಎಂದರೆ ಮೊದಲು ನೋಡಬೇಕಾದ್ದು ಹೋಮ್ ರನ್ ಸಂಖ್ಯೆಯಲ್ಲ, ಬಾಲು ಬ್ಯಾಟ್ ಬಿಡುವ ವೇಗ. ಗಂಟೆಗೆ 95 ಮೈಲಿ, ಅಂದರೆ 153 ಕಿಲೋಮೀಟರ್ ದಾಟಿದ ಹೊಡೆತವನ್ನು ಗಟ್ಟಿ ಹೊಡೆತ ಎನ್ನುತ್ತಾರೆ. ಗಟ್ಟಿ ಹೊಡೆತಗಳ ಪಾಲು ಎಷ್ಟು, ಆಮೇಲೆ ಅವು ನೆಲಕ್ಕೆ ಹೋಗುತ್ತಿವೆಯೋ ಗಾಳಿಗೋ ನೋಡಿ. ಗಟ್ಟಿ ಹೊಡೆದೂ ಹೋಮ್ ರನ್ ಇಲ್ಲದಿದ್ದರೆ ಕೋನ ತಿದ್ದಿದರೆ ಸಾಕು. ಹೋಮ್ ರನ್ ಇದ್ದೂ ವೇಗ ಇಲ್ಲದಿದ್ದರೆ ಅದು ಮೈದಾನದ ಕೊಡುಗೆ. ಟ್ರಿಪಲ್-ಎ ಹಂತದ ಪೆಸಿಫಿಕ್ ಕೋಸ್ಟ್ ಲೀಗ್‌ನ ಆಲ್ಬುಕರ್ಕಿ ಸಮುದ್ರಮಟ್ಟದಿಂದ ಐದು ಸಾವಿರ ಅಡಿ ಮೇಲಿದೆ. ತೆಳು ಗಾಳಿಯಲ್ಲಿ ಬಾಲು ದೂರ ಹಾರುತ್ತದೆ, ಪಿಚರ್‌ನ ಬಾಲು ತಿರುಗುವುದೂ ಕಡಿಮೆ. ರೀನೊ, ಸಾಲ್ಟ್ ಲೇಕ್, ಲಾಸ್ ವೇಗಸ್ ಅಂಕಿಗಳನ್ನೂ ಇದೇ ಅನುಮಾನದಿಂದ ನೋಡಬೇಕು.

ಎರಡನೆಯದು ವಯಸ್ಸು. ಟ್ರಿಪಲ್-ಎಗೆ ಒಂದು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲಿ 20ರ ಹುಡುಗ .270 ಹೊಡೆದರೆ ಅದು 24ರವನ .310ಕ್ಕಿಂತ ಮೇಲು. ಪಟ್ಟಿಗಳೆಲ್ಲ ಇದನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಅಭಿಮಾನಿಗಳು ಮರೆಯುತ್ತಾರೆ.

ಮೂರನೆಯದು, ಒಂದೇ ಅಂಕಿಗೆ ಜೋತುಬೀಳದಿರುವುದು. 2008ರಲ್ಲಿ ಭಾರತದಲ್ಲಿ ನಡೆದ ಎಸೆತದ ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ಜಾವೆಲಿನ್ ಎಸೆದು ಪಳಗಿದ ತೋಳು ಇತ್ತು. ಎರಡನೇ, ಮೂರನೇ ಬಗೆಯ ಎಸೆತ, ಬ್ಯಾಟರ್‌ನನ್ನು ಓದುವ ಅಭ್ಯಾಸ, ಇವನ್ನೆಲ್ಲ ಸೊನ್ನೆಯಿಂದ ಕಲಿಯಬೇಕಿತ್ತು. ಅಷ್ಟರಲ್ಲೂ ರಿಂಕು ಸಿಂಗಲ್-ಎ ಹಂತದವರೆಗೆ ಏರಿದ್ದು ಸಣ್ಣ ಸಾಧನೆಯಲ್ಲ. ವರದಿಯಲ್ಲಿ ವೇಗಕ್ಕೆ 70, ಉಳಿದ ಎಸೆತಗಳಿಗೆ 40, ನಿಯಂತ್ರಣಕ್ಕೆ 35 ಕಂಡರೆ ಆ ಹುಡುಗ ಪಂದ್ಯ ಶುರು ಮಾಡುವ ಸ್ಟಾರ್ಟರ್ ಅಲ್ಲ, ಒಂದು ಇನ್ನಿಂಗ್ಸ್ ಎಸೆಯುವ ರಿಲೀವರ್ ಎಂದು ತಿಳಿಯಿರಿ.

ಕೊನೆಯದಾಗಿ ತಾಳ್ಮೆಯ ಲೆಕ್ಕ. 2024ರಲ್ಲಿ ಎಲ್ಲ ದೊಡ್ಡ ಪಟ್ಟಿಗಳ ಮೊದಲ ಹೆಸರು ಬಾಲ್ಟಿಮೋರ್‌ನ ಜ್ಯಾಕ್ಸನ್ ಹಾಲಿಡೇ. ಏಪ್ರಿಲ್ 10ರಂದು ಮೇಲೆ ಬಂದವನು 34 ಅಟ್-ಬ್ಯಾಟ್‌ನಲ್ಲಿ ಬರೀ 2 ಹಿಟ್, 18 ಸ್ಟ್ರೈಕ್‌ಔಟ್. ಹತ್ತು ಪಂದ್ಯಕ್ಕೇ ಟ್ರಿಪಲ್-ಎಗೆ ವಾಪಸ್. ಜುಲೈ 31ಕ್ಕೆ ಮತ್ತೆ ಕರೆಸಿದಾಗ ಅವನ ಮೊದಲ ಹೋಮ್ ರನ್ನೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ನಲ್ಲಿ ತನ್ನವರಿದ್ದಾಗ ಹೊಡೆದದ್ದು). ಜುರಿಕ್ಸನ್ ಪ್ರೊಫಾರ್ 2013ರ ಮೊದಲ ಹೆಸರು. ಭುಜದ ಗಾಯಕ್ಕೆ ಎರಡು ವರ್ಷ ಕಳೆದುಕೊಂಡು, ಮೊದಲ ಸಲ ಆಲ್‌ಸ್ಟಾರ್ ಆದದ್ದು 2024ರಲ್ಲಿ, 31ರ ವಯಸ್ಸಿಗೆ. ಪಟ್ಟಿ ತೂಗುವುದು ತಂಡದ ಹಿಡಿತದಲ್ಲಿರುವ ಆರು ವರ್ಷಗಳನ್ನು. ಹಾಗಾಗಿ ಫೆಬ್ರವರಿಯ ಪಟ್ಟಿಯನ್ನು ಉಳಿಸಿಟ್ಟುಕೊಂಡು, ಜುಲೈ ಡ್ರಾಫ್ಟ್ ಮುಗಿದ ಮೇಲೆ ಬರುವ ಪರಿಷ್ಕೃತ ಪಟ್ಟಿಯ ಪಕ್ಕಕ್ಕಿಟ್ಟು, ಕ್ರಮಸಂಖ್ಯೆ ಬಿಟ್ಟು ಗ್ರೇಡು ಮಾತ್ರ ಹೋಲಿಸಿ. ಹಿಟ್ 45 ಇದ್ದದ್ದು 55 ಆಗಿದ್ದರೆ ಅವನ ಹೆಸರಿಗೆ ಗುರುತು ಹಾಕಿಕೊಳ್ಳಿ.